ಪರೀಕ್ಷೆಗೆ ಕೂತ ರೋಗಿ

ನನಗೆ ಕೋಪ ಮೂಗಿನ ತುದಿಯಲ್ಲೇ. ಮೂವತ್ತು ವರ್ಷ ವಾರ್ಡಿನಲ್ಲಿ ನರ್ಸಾಗಿ ದುಡಿದವಳಿಗೆ ಅದಿಲ್ಲದೆ ಕೆಲಸ ಸಾಗುವುದಿಲ್ಲ ಎಂದು ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದೆ. ಈಗ ಹಾಗೆ ಹೇಳಿಕೊಳ್ಳಲು ನನಗೆ ಮುಖವಿಲ್ಲ.

ವಾರ್ಡು ಬಿಟ್ಟ ಮೇಲೆ ನನ್ನನ್ನು ತರಬೇತಿ ಕೇಂದ್ರಕ್ಕೆ ಹಾಕಿದರು. ದೂರದಲ್ಲಿರುವ ರೋಗಿಯನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ವಿಚಾರಿಸುವುದು ಹೇಗೆಂದು ಆರೋಗ್ಯ ಕಾರ್ಯಕರ್ತೆಯರಿಗೆ ಕಲಿಸಬೇಕು. ಮುಟ್ಟಿ ನೋಡಲು ಆಗುವುದಿಲ್ಲವಲ್ಲ, ಎಲ್ಲ ಕಣ್ಣು ಕಿವಿಯಲ್ಲೇ ಆಗಬೇಕು. ರೋಗಿಯ ಮುಖ ಬೆಳಕಿಗೆ ತಿರುಗಿಸಿ, ಅವರ ಕೈಯಿಂದಲೇ ನೋವಿರುವ ಜಾಗ ಒತ್ತಿಸಿ, ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ ನೋಡಿ ಎಂದು ದಿನವಿಡೀ ಬಡಬಡಿಸುತ್ತಿದ್ದೆ. ಅಭ್ಯಾಸಕ್ಕೆಂದು ನಿಜವಾದ ರೋಗಿಗಳನ್ನು ಗೋಳು ಹೊಯ್ದುಕೊಳ್ಳುವಂತಿರಲಿಲ್ಲ. ಅದಕ್ಕೇ ನನ್ನ ಅಕ್ಕನನ್ನು ಎಳೆದು ತಂದೆ.

ಅಕ್ಕ ಬಟ್ಟೆ ಹೊಲಿಯುತ್ತಿದ್ದವಳು. ಕಣ್ಣು ಮಂಜಾದ ಮೇಲೆ ಮಷೀನು ಬಿಟ್ಟು ಮನೆಯಲ್ಲಿ ಕೂತು ಭಾವನ ತಲೆ ತಿನ್ನುತ್ತಿದ್ದಳು. ರೋಗಿಯ ಪಾತ್ರ ಮಾಡಬೇಕು ಅಂದದ್ದೇ ತಡ, ಎದ್ದು ಹೊರಟಳು. ಕೇಂದ್ರದ ಹಿಂದಿನ ಸಾಮಾನು ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಅವಳಿಗೊಂದು ಕುರ್ಚಿ, ಕೈಗೊಂದು ಫೋನು. ನಾನು ಹಾಳೆಯಲ್ಲಿ ಕಾಯಿಲೆ ಬರೆದುಕೊಟ್ಟರೆ ಅವಳು ಅದಕ್ಕೆ ಉಪ್ಪು ಖಾರ ಹಚ್ಚುತ್ತಿದ್ದಳು. ಒಮ್ಮೆ ಬರೀ ಕೆಮ್ಮು ಎಂದು ಕೊಟ್ಟಿದ್ದೆ. ಊಟ ಹಾಕದ ಸೊಸೆಯನ್ನೂ ಸೇರಿಸಿ ಇಡೀ ಬ್ಯಾಚನ್ನು ಅಳಿಸಿಬಿಟ್ಟಳು. ಅವಳಿಗೆ ಮಕ್ಕಳೇ ಇಲ್ಲ, ಸೊಸೆ ಎಲ್ಲಿಂದ ಬರಬೇಕು.

"ಬರೀ ಕೆಮ್ಮಿದ್ರೆ ಯಾರು ಕೇಳ್ತಾರೆ ಕಣೆ," ಎಂದಳು ನಾನು ಬೈದಾಗ.

ಆ ದಿನ ಕೊನೆಯ ಪರೀಕ್ಷೆ. ಗುಬ್ಬಿ ಎಂದು ನಾವೆಲ್ಲ ಕರೆಯುತ್ತಿದ್ದ ಸಣ್ಣ ದನಿಯ ಹುಡುಗಿ ಎರಡನೇ ಸಲ ಕೂತಿದ್ದಳು. ಈ ಸಲವೂ ಫೇಲಾದರೆ ಅವಳ ಕೆಲಸ ಹೋಗುತ್ತಿತ್ತು. ಮುಖ್ಯ ಕಚೇರಿಯಿಂದ ಬಂದ ಇಬ್ಬರು ಅಧಿಕಾರಿಗಳು ಹಿಂದಿನ ಸಾಲಿನಲ್ಲಿದ್ದರು. ಅಕ್ಕನಿಗೆ ನಾನು ಬರೆದುಕೊಟ್ಟದ್ದು ಮಂಡಿ ನೋವು. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಅಂಕ ಹಾಕುತ್ತಿದ್ದೆ. ಅಲ್ಲಿಂದ ಅಕ್ಕನೊಬ್ಬಳಿಗೇ ಕಾಣುವ ಹಾಗೆ ಮೆಸೇಜ್ ಕಳಿಸಬಹುದಿತ್ತು.

ಎರಡು ನಿಮಿಷ ಸರಿಯಾಗಿ ನಡೆಯಿತು. ಆಮೇಲೆ ಅಕ್ಕ ಹಾಳೆ ಬಿಟ್ಟಳು.

"ಮಂಡಿ ಇರ್ಲಿ ಮಗಾ, ಯಾಕೋ ಎದೆ ಹಿಡ್ಕೊಂಡ ಹಾಗಿದೆ. ಎಡಗೈ ಭಾರ."

ಅಧಿಕಾರಿಗಳು ಆ ಹಾಳೆಯ ತಮ್ಮ ಪ್ರತಿಯನ್ನು ತಿರುಗಿಸಿ ನೋಡಿ ಮುಖ ಮುಖ ನೋಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. 'ಬರೆದಿದ್ದಷ್ಟೇ ಹೇಳು. ನಾಟಕ ಸಾಕು. ಆ ಹುಡುಗಿಯ ಹೊಟ್ಟೆ ಮೇಲೆ ಹೊಡೀಬೇಡ' ಎಂದು ಟೈಪು ಮಾಡಿ ಕಳಿಸಿದೆ.

ಅಕ್ಕ ಫೋನನ್ನು ಕಣ್ಣ ಹತ್ತಿರ ತಂದು ನಿಧಾನವಾಗಿ ಓದಿದಳು.

"ಇಲ್ಲ ಮಗಾ, ಎದೆಗೇನಿಲ್ಲ. ಬಾಯಿ ತಪ್ಪಿ ಬಂತು. ಮಂಡಿನೇ."

ಗುಬ್ಬಿ ಅಷ್ಟಕ್ಕೆ ಬಿಡಲಿಲ್ಲ. "ಅಮ್ಮಾ, ಬೆವರ್ತಿದೀರಲ್ಲ?"

"ಈ ಕೋಣೆ ಸೆಕೆ ಕಣಮ್ಮ."

"ಉಸಿರಾಡೋಕೆ ಕಷ್ಟ ಆಗ್ತಿದ್ಯಾ?"

"ಇಲ್ಲ."

ಅಲ್ಲಿಂದ ಮುಂದೆ ಅಕ್ಕ ಹಾಳೆಯಲ್ಲಿದ್ದದ್ದು ಬಿಟ್ಟು ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಮೂರು ತಿಂಗಳಿಂದ ನೋವು, ಮೆಟ್ಟಿಲು ಹತ್ತುವಾಗ ಜಾಸ್ತಿ. ಗುಬ್ಬಿ ಹೇಳಿದಂತೆ ತನ್ನ ಮಂಡಿ ತಾನೇ ಒತ್ತಿ ತೋರಿಸಿದಳು. ಎದ್ದು ನಡೆಯಿರಿ ಎಂದಾಗ ಪೆಟ್ಟಿಗೆ ಹಿಡಿದುಕೊಂಡು ಎದ್ದು ನಾಲ್ಕು ಹೆಜ್ಜೆ ನಡೆದಳು. ಅಂತೂ ಬುದ್ಧಿ ಬಂತು ಎಂದುಕೊಂಡು ನಾನು ಅಂಕ ಹಾಕಿದೆ. ಪರದೆಯಲ್ಲಿ ಅವಳ ಮುಖ ಎಷ್ಟು ಬಿಳಿಚಿತ್ತು ಎಂದು ಈಗ ಕೇಳಿದರೆ ಹೇಳಬಲ್ಲೆ. ಆಗ ನಾನು ನೋಡುತ್ತಿದ್ದದ್ದು ಅಂಕದ ಹಾಳೆಯನ್ನು.

ಗುಬ್ಬಿ ಪಾಸಾದಳು. ಅಧಿಕಾರಿಗಳ ಜೊತೆ ಚಹಾ ಕುಡಿಯುತ್ತಾ ನಾನು ಬೇಕೆಂದೇ ತಡಮಾಡಿದೆ. ಅಕ್ಕ ಒಬ್ಬಳೇ ಸ್ವಲ್ಪ ಹೊತ್ತು ಕೂತಿರಲಿ, ಆಮೇಲೆ ಹೋಗಿ ಸರಿಯಾಗಿ ಉಗಿಯೋಣ ಅಂತ. ಇಪ್ಪತ್ತು ನಿಮಿಷ. ಬಾಗಿಲು ತೆರೆದಾಗ ಅವಳು ಪೆಟ್ಟಿಗೆಗಳ ನಡುವೆ ನೆಲದ ಮೇಲಿದ್ದಳು. ಎಷ್ಟೋ ಜನರ ಎದೆ ಒತ್ತಿ ಉಳಿಸಿದ ಕೈಗಳು ಇವು. ಅವಳ ಎದೆಯನ್ನೂ ಒತ್ತಿದೆ, ಆಂಬುಲೆನ್ಸಿನವರು ಬಂದು ನನ್ನನ್ನು ಹಿಡಿದು ಎಬ್ಬಿಸುವವರೆಗೂ ಒತ್ತಿದೆ.

ಅಕ್ಕ ಹೋದ ನಾಲ್ಕನೇ ದಿನ ಗುಬ್ಬಿ ಅವಳ ಮನೆಗೆ ಬಂದಳು. ಭಾವ ಅಕ್ಕನ ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಅವರೆದುರು ನಿಂತು ಹುಡುಗಿ ಬಿಕ್ಕಿದಳು.

"ನನ್ನಿಂದ ತಪ್ಪಾಯ್ತು ಸಾರ್. ಅವ್ರು ಎದೆ ಅಂದಿದ್ರು. ನಾನೇ ಬಿಟ್ಬಿಟ್ಟೆ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ." ಸರ್ಟಿಫಿಕೇಟನ್ನು ತಂದು ನನ್ನ ಕೈಗಿಟ್ಟಳು.

ಪರೀಕ್ಷೆಯ ರೆಕಾರ್ಡಿಂಗಿನಲ್ಲಿ ನನ್ನ ಮೆಸೇಜ್ ಕಾಣುವುದಿಲ್ಲ. ನನ್ನನ್ನು ಬಿಟ್ಟರೆ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಒಂದು ಕ್ಷಣ ಎದೆಯ ಭಾರ ಇಳಿದಂತಾಯಿತು. ಈ ಹುಡುಗಿಯ ತಲೆಗೇ ಬರಲಿ, ನಾನು ಬದುಕಿಕೊಳ್ಳುತ್ತೇನೆ ಅನ್ನಿಸಿತು. ಅಂಥ ಹೆಂಗಸು ನಾನು. ಆದರೆ ಅವಳು ಭಾವನ ಕಾಲು ಹಿಡಿಯಲು ಬಗ್ಗಿದಳು, ನೋಡಲಾಗಲಿಲ್ಲ.

"ನೀನು ಬಿಡ್ಲಿಲ್ಲ ಕಣೇ. ಸರಿಯಾಗೇ ಕೇಳಿದೆ," ಎಂದೆ. "ಉತ್ತರ ಬದಲಾಯಿಸಿದ್ದು ನಾನು."

ಮೆಸೇಜಿನಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಗುಬ್ಬಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಭಾವ ತಲೆಯೆತ್ತಿ ನನ್ನನ್ನು ನೋಡಿದರು.

"ಅವ್ಳು ಅದನ್ನ ಓದಿದ್ಲಾ?"

"ಓದಿದ್ಲು ಭಾವ. ನೋವಿದ್ರೂ ಹುಡುಗಿಗೋಸ್ಕರ ತಡ್ಕೊಂಡ್ಲು."

ಭಾವ ಇಲ್ಲವೆಂದು ತಲೆಯಾಡಿಸಿದರು. ಅವರ ದನಿಯಲ್ಲಿ ಕೋಪವೇ ಇರಲಿಲ್ಲ.

"ತಡ್ಕೊಂಡಿರಲ್ಲಮ್ಮ. ನಂಬಿರ್ತಾಳೆ. ಈ ಮನೇಲಿ ಯಾರಿಗೆ ಏನಾದ್ರೂ ನಿನಗೇ ಫೋನ್ ಮಾಡ್ತಿದ್ಲು. ನನ್ ತಂಗಿ ಏನಿಲ್ಲ ಅಂದ್ರೆ ಏನಿಲ್ಲ, ಅಂತಿದ್ಲು."