ಕೊರಳಿಗೆ ರಟ್ಟು ಕಟ್ಟಿದರೆ ಹಲ್ಲು ಬಂದೀತೇ?

ಊಟದ ಗಂಟೆ ಹೊಡೆದರೆ ಸಾಕು, ಆ ಶಾಲೆಯ ಮೆಟ್ಟಿಲಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಂತಾಗುತ್ತಿತ್ತು. ಮಹಡಿಯ ತರಗತಿಗಳ ಮಕ್ಕಳೆಲ್ಲ ಒಟ್ಟಿಗೇ ಧುಮುಕುತ್ತಿದ್ದರು. ಕೆಳಗೆ ಕೈ ತೊಳೆಯಲು ಇದ್ದದ್ದು ಒಂದೇ ನಲ್ಲಿ. ಮೊದಲು ತಲುಪಿದವರಿಗೆ ಮೊದಲು ಊಟ. ಮೆಟ್ಟಿಲೋ ಇಕ್ಕಟ್ಟು. ಶಿಕ್ಷಕರು ಮೇಲೆ ನಿಂತು "ಓಡಬೇಡ್ರೋ" ಎಂದು ಒಮ್ಮೆ ಕೂಗುತ್ತಿದ್ದರು. ಕೂಗಿದ ಮೇಲೆ ತಮ್ಮ ಡಬ್ಬಿ ಬಿಚ್ಚುತ್ತಿದ್ದರು.

ಮೂರನೇ ಕ್ಲಾಸಿನ ಬುಗುರಿ ಯಾವಾಗಲೂ ಮುಂದೆ. ನಿಂತಲ್ಲಿ ನಿಲ್ಲುವುದಿಲ್ಲವೆಂದು ಅಮ್ಮ ಕರೆದ ಹೆಸರು ಅದು, ಬೀದಿಗೆಲ್ಲ ಅದೇ ಆಯಿತು. ಅಪ್ಪ ಪ್ಲಂಬರ್. ಅಮ್ಮ ಬೇಕರಿಯಲ್ಲಿ ಪ್ಯಾಕಿಂಗ್ ಮಾಡುವವಳು. ಒಂದು ದಿನ ಬುಗುರಿ ಮೆಟ್ಟಿಲಿನ ತಿರುವಿನಲ್ಲಿ ಮುಂದಿದ್ದ ಹುಡುಗಿಯನ್ನು ಮೊಣಕೈಯಿಂದ ತಳ್ಳಿ ನುಗ್ಗಿದ. ಅವಳು ಹಣ್ಣಿನಂಗಡಿಯಾಕೆಯ ಮಗಳು, ಅವನದೇ ಕ್ಲಾಸು. ಕವುಚಿ ಬಿದ್ದಳು. ಹೊಸದಾಗಿ ಬಂದಿದ್ದ ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಹಾಲುಹಲ್ಲಾಗಿದ್ದರೆ ಮತ್ತೆ ಬರುತ್ತಿತ್ತು. ಇದು ಬರುವುದಿಲ್ಲ.

ತಪ್ಪು ಹುಡುಗನದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಮೇಲೆ ದೊಡ್ಡವರು ಮಾಡಿದ್ದನ್ನು ಕೇಳಿ.

ಹೆಡ್‌ಮಾಸ್ಟರ್ ಒಂದು ರಟ್ಟಿನ ತುಂಡು ತರಿಸಿದರು. 'ನಾನು ಪುಂಡ, ನನ್ನ ಹತ್ತಿರ ಬರಬೇಡಿ' ಎಂದು ದಪ್ಪಕ್ಷರದಲ್ಲಿ ಬರೆದರು. ದಾರ ಪೋಣಿಸಿ ಹುಡುಗನ ಕೊರಳಿಗೆ ನೇತುಹಾಕಿದರು. ಒಂದೊಂದು ತರಗತಿಗೂ ಕರೆದೊಯ್ದು ನಿಲ್ಲಿಸಿದರು. ಇನ್ನೂ ಓದಲು ಬಾರದ ಒಂದನೇ ಕ್ಲಾಸಿನ ಮಕ್ಕಳಿಗೆ ತಾವೇ ಓದಿ ಹೇಳಿದರು. ಮಕ್ಕಳು ನಕ್ಕರು. ಮಕ್ಕಳಲ್ಲವೇ, ದೊಡ್ಡವರು ನಗು ಅಂದರೆ ನಗುತ್ತಾರೆ.

ಫೋನ್ ಹೋಯಿತು, ಪ್ಲಂಬರ್ ಕೆಲಸ ಬಿಟ್ಟು ಓಡಿ ಬಂದ. "ಎಲ್ಲರ ಮುಂದೆ ಮಾನ ಕಳೀತೀಯಾ?" ಎನ್ನುತ್ತ ಆಫೀಸಿನಲ್ಲಿ ಎಲ್ಲರೆದುರು ಮಗನ ಕೆನ್ನೆಗೆ ಬಾರಿಸಿದ. ಹುಡುಗ ಗೋಡೆಗೆ ಹೋಗಿ ತಗುಲಿದ.

"ಇಂಥ ತಂದೆ ಇದ್ರೆ ನಮ್ಮ ಅರ್ಧ ಕೆಲಸ ಮುಗೀತು" ಎಂದರು ಹೆಡ್‌ಮಾಸ್ಟರ್, ಮೆಚ್ಚಿಕೊಂಡು.

ಅದೇ ಆಫೀಸಿನ ಮೂಲೆಯ ಬೆಂಚಿನಲ್ಲಿ ಆ ಹುಡುಗಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದಳು. ಕರ್ಚೀಫು ಕೆಂಪಾಗಿತ್ತು. ಅವಳ ಕಡೆ ಯಾರೂ ನೋಡಲಿಲ್ಲ.

ಸಂಜೆ ಪ್ಲಂಬರನ ಮನೆಗೆ ಮೇಲಿನ ಮನೆಯ ಟೀಚರಕ್ಕ ಇಳಿದು ಬಂದರು. ಅವರು ಬೇರೊಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವವರು, ವಯಸ್ಸಿನಲ್ಲೂ ಹಿರಿಯರು. ಹುಡುಗನ ಕೆನ್ನೆಯ ಮೇಲೆ ಇನ್ನೂ ಬೆರಳಿನ ಗುರುತಿತ್ತು.

"ಏನಪ್ಪಾ ಇದು?"

"ಶಿಸ್ತು, ಟೀಚರಕ್ಕ. ಒಬ್ಬಳ ಹಲ್ಲು ಮುರಿದು ಬಂದಿದ್ದಾನೆ. ಮುದ್ದು ಮಾಡ್ಲಾ?"

"ಮುದ್ದು ಮಾಡು ಅಂದೋರು ಯಾರು? ತಪ್ಪು ಮಾಡಿದ್ದಾನೆ, ಸರಿ ಮಾಡ್ಬೇಕು. ಹೊಡೆದು ಏನು ಸರಿ ಆಯ್ತು?"

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಬಗ್ಗಿಸೋದು ಬೇರೆ, ಮುರಿಯೋದು ಬೇರೆ ತಮ್ಮಾ."

ಪ್ಲಂಬರ್ ನಕ್ಕುಬಿಟ್ಟ. "ನಾನೂ ಏಟು ತಿಂದೇ ಬೆಳೆದಿದ್ದು. ಈಗ ಏನಾಗಿದೆ ನನಗೆ?"

"ನಿನಗೆ ಈ ಕೆಲಸ ಕಲಿಸಿದ್ದು ಯಾರು?"

"ನಮ್ಮ ಸೋದರಮಾವ."

"ಹೊಡೆದು ಕಲಿಸಿದ್ರಾ?"

"ಛೇ, ಕೈ ಹಿಡಿದು ತೋರಿಸ್ತಿದ್ರು. ಕೆಟ್ಟರೆ ಬಿಚ್ಚು, ಮತ್ತೆ ಕೂಡಿಸು ಅಂತಿದ್ರು."

"ಒಂದು ಪೈಪು ಕೂಡಿಸೋಕೆ ಅಷ್ಟು ತಾಳ್ಮೆ. ಮಗು ಬೆಳೆಸೋಕೆ ಕಪಾಳಮೋಕ್ಷ."

ಅವನಿಗೆ ಸಿಟ್ಟು ಬಂತು. "ನಿಮಗೆ ಗೊತ್ತಾಗಲ್ಲ ಬಿಡಿ ಟೀಚರಕ್ಕ. ನಾಳೆಯಿಂದ ನೋಡಿ, ಹೇಗೆ ನೆಟ್ಟಗಾಗ್ತಾನೆ."

ನಾಳೆ ಬಂತು, ನಾಳಿದ್ದೂ ಬಂತು. ಹುಡುಗ ನೆಟ್ಟಗಾಗಲಿಲ್ಲ. ಶಾಲೆಯಲ್ಲಿ ಅವನಿಗೆ 'ರಟ್ಟು' ಎಂದು ಹೆಸರು ಬಿತ್ತು. ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಹತ್ತಿರ ಬರಬೇಡಿ ಎಂದು ದೊಡ್ಡವರೇ ಬರೆದು ತೋರಿಸಿದ್ದರಲ್ಲ. 'ರಟ್ಟು' ಎಂದು ಕರೆದ ಒಬ್ಬನನ್ನು ಬುಗುರಿ ಪರಚಿದ, ಅದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದರು. ಬೆಳಗಾದರೆ ಹೊಟ್ಟೆನೋವು ಎಂದು ಮುದುಡಿ ಮಲಗುತ್ತಿದ್ದ. ಮನೆ ತುಂಬ ಮಾತಾಡುತ್ತಿದ್ದ ಹುಡುಗ ಕೇಳಿದ್ದಕ್ಕೆ 'ಹೂಂ' ಅನ್ನುವುದನ್ನೂ ಬಿಟ್ಟ.

"ರೀ, ನನಗೆ ಭಯ ಆಗ್ತಿದೆ" ಎಂದಳು ಹೆಂಡತಿ.

"ಬುದ್ಧಿ ಬರ್ತಿದೆ ಕಣೇ. ಅದಕ್ಕೇ ಸುಮ್ಮನಿದ್ದಾನೆ."

ರಜೆಯ ದಿನ ಪ್ಲಂಬರ್ ಅಂಗಳದಲ್ಲಿ ಸಾಮಾನು ಒರೆಸುತ್ತ ಕೂತಿದ್ದ. ಒಳಗಿನಿಂದ ಯಾರೋ ಗದರುವ ದನಿ ಕೇಳಿಸಿತು. ತನ್ನದೇ ದನಿಯಂತಿತ್ತು. ಎದ್ದು ಬಾಗಿಲಿನಿಂದ ಇಣುಕಿದ.

ಬುಗುರಿ ಸ್ಕೇಲು ಹಿಡಿದು ನಿಂತಿದ್ದ. ಎದುರಿಗೆ ಅವನ ತಂಗಿ ಚಿಣ್ಣಿ, ಇನ್ನೂ ಶಾಲೆಗೆ ಸೇರದ ಮಗು. ಅವಳ ಮುಖ ಗೋಡೆಯ ಕಡೆಗಿತ್ತು. ಬಿಸ್ಕತ್ತಿನ ಡಬ್ಬದ ರಟ್ಟು ಹರಿದು, ಲಾಡಿಯಲ್ಲಿ ಕಟ್ಟಿ, ಅವಳ ಕೊರಳಿಗೆ ನೇತುಹಾಕಿದ್ದ. ಅದರ ಮೇಲೆ 'ಪುಂಡಿ' ಎಂದು ಬರೆದಿತ್ತು.

"ನೀರು ಚೆಲ್ತೀಯಾ? ಇನ್ನೊಂದ್ಸಲ ಚೆಲ್ತೀಯಾ? ಎಲ್ಲರ ಮುಂದೆ ಮಾನ ಕಳೀತೀಯಾ?" ಎನ್ನುತ್ತಿದ್ದ ಹುಡುಗ. ಆಫೀಸಿನಲ್ಲಿ ಅಪ್ಪ ಆಡಿದ ಮಾತೇ, ಅದೇ ಏರಿಳಿತ. ಮಾತು ಮುಗಿಸಿ ಸ್ಕೇಲಿನಿಂದ ಅವಳ ಕಾಲಿಗೆ ಹೊಡೆದ. ಚಿಣ್ಣಿ ಅಳಲಿಲ್ಲ. ಅತ್ತರೆ ಇನ್ನೊಂದು ಬೀಳುತ್ತದೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಪ್ಲಂಬರನ ಕೈ ಮೇಲೆದ್ದಿತು, ಎದ್ದದ್ದು ಅಲ್ಲೇ ನಿಂತಿತು. ಈಗ ಹೊಡೆದರೆ ಹುಡುಗ ಏನು ಕಲಿಯುತ್ತಾನೆ? ಇನ್ನೂ ಜೋರಾಗಿ ಹೊಡೆಯುವುದನ್ನು. ಅವನು ಹೋಗಿ ಚಿಣ್ಣಿಯ ಕೊರಳಿನ ಲಾಡಿ ಬಿಚ್ಚಿದ. ಅವಳನ್ನು ಎತ್ತಿಕೊಂಡ. ಬುಗುರಿ ಅಪ್ಪನ ಕೈಯನ್ನೇ ನೋಡುತ್ತ, ತಾನಾಗಿ ಕೆನ್ನೆ ಮುಚ್ಚಿಕೊಂಡ.

"ಹೊಡೆಯಲ್ಲ ಕಣೋ" ಎಂದ ಪ್ಲಂಬರ್. "ಕೂತ್ಕೋ. ಆವತ್ತು ಮೆಟ್ಟಿಲಲ್ಲಿ ಏನಾಯ್ತು, ನನಗೆ ಹೇಳು."

ಅಲ್ಲಿಯವರೆಗೆ ಯಾರೂ ಅವನನ್ನು ಅದನ್ನು ಕೇಳಿರಲಿಲ್ಲ.

ಹುಡುಗ ತಡವರಿಸಿ ಹೇಳಿದ. "ಲೇಟಾದ್ರೆ ನಲ್ಲಿ ಸಿಗಲ್ಲ. ದೊಡ್ಡ ಹುಡುಗ್ರು ನೂಕ್ತಾರೆ. ಅದಕ್ಕೇ ನಾನೂ ನೂಕಿದೆ. ಅವಳು ಬೀಳ್ತಾಳೆ ಅಂತ ಗೊತ್ತಿರ್ಲಿಲ್ಲ." ಆಮೇಲೆ ತಾನೇ ಕೇಳಿದ: "ಅವಳಿಗೆ ತುಂಬಾ ನೋವಾಯ್ತಾ ಅಪ್ಪ?"

ಅಪ್ಪನಿಗೂ ಗೊತ್ತಿರಲಿಲ್ಲ.

ಅಂದೇ ಟೀಚರಕ್ಕನನ್ನೂ ಕರೆದುಕೊಂಡು, ಮಗನ ಕೈ ಹಿಡಿದು, ಹಣ್ಣಿನಂಗಡಿಗೆ ಹೋದ. ಅಂಗಡಿಯಾಕೆ ತಲೆ ಎತ್ತಿದಳು, ಗುರುತು ಹಿಡಿದಳು. ತಕ್ಕಡಿ ಕೆಳಗಿಟ್ಟಳು.

"ಈಗ ನೆನಪಾಯ್ತಾ ದಾರಿ?" ಎಂದಳು. "ನಿಮ್ಮ ಹುಡುಗನಿಗೆ ರಟ್ಟು ಕಟ್ಟಿದ್ರಂತೆ, ಮೆರವಣಿಗೆ ಮಾಡಿದ್ರಂತೆ, ನೀವು ಬಂದು ಹೊಡೆದ್ರಂತೆ. ಎಲ್ಲರೂ ಅದನ್ನೇ ಹೇಳ್ತಾರೆ, ಏನೋ ದೊಡ್ಡ ನ್ಯಾಯ ಆದ ಹಾಗೆ. ಅಷ್ಟೊತ್ತೂ ನನ್ನ ಮಗಳು ರಕ್ತ ನುಂಗ್ಕೊಂಡು ಕೂತಿದ್ಲು. ನನಗೆ ಫೋನ್ ಬಂದಿದ್ದು ಶಾಲೆ ಬಿಟ್ಟ ಮೇಲೆ. ಕೊರಳಿಗೆ ರಟ್ಟು ಕಟ್ಟಿದ್ರೆ ಹಲ್ಲು ಬರುತ್ತೇನ್ರೀ? ಅವಳಿಗೆ ಏನು ಬೇಕು ಅಂತ ಒಬ್ಬರಾದ್ರೂ ಕೇಳಿದ್ರಾ?"

ಪ್ಲಂಬರ್ ತಲೆ ತಗ್ಗಿಸಿದ. "ಇಲ್ಲ ತಾಯಿ. ನಾನೂ ಅಲ್ಲೇ ಇದ್ದೆ. ನಾನೂ ಕೇಳ್ಲಿಲ್ಲ."

ಟೀಚರಕ್ಕ ಹುಡುಗಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. "ಈಗ ಕೇಳ್ತೀನಿ ಪುಟ್ಟಿ. ಇವನು ಏನು ಮಾಡಿದ್ರೆ ನಿನಗೆ ಸ್ವಲ್ಪ ಸಮಾಧಾನ ಆಗುತ್ತೆ?"

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದಳು. "ಎಲ್ಲರೂ ನನ್ನ ಹಲ್ಮುರ್ಕಿ ಅಂತಾರೆ. ಅದನ್ನ ನಿಲ್ಲಿಸ್ಬೇಕು. ಆಮೇಲೆ ಮೆಟ್ಟಿಲಲ್ಲಿ ನನ್ನ ಹಿಂದೆ ಯಾರೂ ಓಡಿ ಬರ್ಬಾರ್ದು. ನನಗೆ ಭಯ ಆಗುತ್ತೆ."

ಬುಗುರಿ ನೆಲ ನೋಡುತ್ತ, "ತಪ್ಪಾಯ್ತು" ಎಂದ. "ನಾನು ಹೇಳ್ತೀನಿ ಎಲ್ಲರಿಗೂ." ಯಾರೂ ಹೇಳಿಕೊಟ್ಟ ಮಾತಲ್ಲ ಅದು.

ಮರುದಿನ ಪ್ಲಂಬರ್, ಅವನ ಹೆಂಡತಿ, ಹಣ್ಣಿನಂಗಡಿಯಾಕೆ, ಟೀಚರಕ್ಕ ಒಟ್ಟಿಗೆ ಶಾಲೆಗೆ ಹೋದರು. ಹುಡುಗಿಯ ತಾಯಿ, ತಳ್ಳಿದವನ ತಂದೆ ಜೊತೆಯಾಗಿ ಬಂದದ್ದು ನೋಡಿ ಹೆಡ್‌ಮಾಸ್ಟರ್‌ಗೆ ಸೋಜಿಗ.

"ಶಿಕ್ಷೆ ಆಗಿದೆಯಲ್ಲ, ಮತ್ತೇನು?"

"ನನ್ನ ಮಗನಿಗೆ ನೀವು ಮಾಡಿದ್ದು ಶಿಕ್ಷೆ ಅಲ್ಲ ಸಾರ್, ಅವಮಾನ" ಎಂದ ಪ್ಲಂಬರ್. "ನಾನು ಮಾಡಿದ್ದೂ ಅದನ್ನೇ. ಅದನ್ನ ಅವನು ಮನೆಗೆ ತಂದು ನನ್ನ ಸಣ್ಣ ಮಗಳ ಮೇಲೆ ಪ್ರಯೋಗ ಮಾಡ್ದ. ನಾವಿಬ್ಬರೂ ಕಲಿಸಿದ್ದು ಇಷ್ಟೇ."

"ಇಷ್ಟು ಮಕ್ಕಳನ್ನ ಹದ್ದುಬಸ್ತಿನಲ್ಲಿ ಇಡೋದು ಹೇಗೆ ಅಂತ ನೀವೇ ಹೇಳಿ. ಹೆದರಿಕೆ ಇಲ್ಲದೆ ಆಗುತ್ತಾ?"

"ಹೆದರಿಕೆ ನೀವು ಇರೋವರೆಗೆ" ಎಂದರು ಟೀಚರಕ್ಕ. "ನೀವು ಆಚೆ ಹೋದ್ರೆ ಅದೂ ಆಚೆ ಹೋಗುತ್ತೆ. ಮೆಟ್ಟಿಲು ಹೇಗೆ ಇಳೀಬೇಕು ಅಂತ ಈ ಮಕ್ಕಳಿಗೆ ಯಾರಾದ್ರೂ ತೋರಿಸಿಕೊಟ್ಟಿದ್ದೀರಾ? ಓಡಬೇಡಿ ಅಂತ ಕೂಗೋದಲ್ಲ. ಜೊತೆಗೆ ಇಳಿದು ತೋರಿಸೋದು."

ಬಾಗಿಲ ಬಳಿ ನಿಂತಿದ್ದ ಮೂರನೇ ಕ್ಲಾಸಿನ ಮಿಸ್ ಮೆಲ್ಲಗೆ ಬಾಯಿ ಬಿಟ್ಟರು. "ಇಲ್ಲ ಸಾರ್, ತೋರಿಸಿಲ್ಲ. ಒಂದೊಂದೇ ಕ್ಲಾಸು ಬಿಡೋಣ ಅಂತ ನಾನು ಮುಂಚೆನೇ ಕೇಳಿದ್ದೆ. ಗಲಾಟೆ ಮಕ್ಕಳದ್ದು, ಏರ್ಪಾಡು ಯಾಕೆ ಅಂದ್ರಿ."

"ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಹಾಕಿದ್ರಂತೆ" ಎಂದಳು ಹಣ್ಣಿನಂಗಡಿಯಾಕೆ. "ನಲ್ಲಿ ಒಂದೇ, ಗಂಟೆ ಒಂದೇ, ಮೆಟ್ಟಿಲು ಇಕ್ಕಟ್ಟು. ಅದನ್ನ ಸರಿ ಮಾಡೋದು ಬಿಟ್ಟು ಮಗುವಿನ ಕೊರಳು ಹುಡುಕ್ತೀರಿ."

ಹೆಡ್‌ಮಾಸ್ಟರ್ ಒಮ್ಮೆಲೇ ಬದಲಾದರೆಂದು ಹೇಳಿದರೆ ಸುಳ್ಳಾದೀತು. ಅವರು ಗೊಣಗಿದರು, ನೋಡೋಣ ಎಂದರು, ನೀರು ಕುಡಿದರು. ಆದರೆ ನಾಲ್ವರೂ ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಒಪ್ಪಿದರು. ಮಾರನೇ ದಿನ ಪ್ರಾರ್ಥನೆಯ ಹೊತ್ತಿನಲ್ಲಿ, "ಆ ರಟ್ಟು ಕಟ್ಟಿದ್ದು ಸರಿಯಲ್ಲ. ಇನ್ನು ಯಾರಿಗೂ ಕಟ್ಟೋದಿಲ್ಲ" ಎಂದು ಮಕ್ಕಳೆದುರು ಹೇಳಿದರು. ದನಿ ಸಣ್ಣದಾಗಿತ್ತು, ಆದರೂ ಹಿಂದಿನ ಸಾಲಿನವರೆಗೆ ಕೇಳಿಸಿತು.

ಈಗ ಆ ಶಾಲೆಯಲ್ಲಿ ಒಂದು ಕ್ಲಾಸು ಇಳಿದ ಮೇಲೆ ಇನ್ನೊಂದು ಇಳಿಯುತ್ತದೆ. ಮಿಸ್ ಮುಂದೆ ನಡೆಯುತ್ತಾರೆ. ಇನ್ನೆರಡು ನಲ್ಲಿಗಳನ್ನು ಪ್ಲಂಬರ್ ಕೂಡಿಸಿಕೊಟ್ಟ. ನಿಯಮಗಳು ಕೆಲವೇ: ನಡೆದು ಇಳಿ, ಸರದಿ ಕಾಯಿ, ಕೈ ಮಾಡಬೇಡ, ಅಡ್ಡಹೆಸರಿಟ್ಟು ನೋಯಿಸಬೇಡ. ಯಾಕೆ ಎಂದು ಮಕ್ಕಳೇ ಹೇಳುವಷ್ಟು ಶಿಕ್ಷಕರು ಅವರೊಂದಿಗೆ ಮಾತಾಡಿದ್ದಾರೆ. ಮುರಿದರೆ ಏನಾಗುತ್ತದೆ ಎಂಬುದೂ ಮೊದಲೇ ಗೊತ್ತು. ಅದು ಹೆಡ್‌ಮಾಸ್ಟರ ಮೂಗಿನ ತುದಿಯ ಕೋಪದ ಮೇಲೆ ನಿಂತಿಲ್ಲ, ಎಲ್ಲರಿಗೂ ಒಂದೇ.

ಬುಗುರಿ ದೇವರಂಥ ಹುಡುಗನಾದನೇ? ಇಲ್ಲ. ಮೊನ್ನೆ ಮತ್ತೆ ಓಡಿದ. ಮಿಸ್ ಬೈಯಲಿಲ್ಲ. "ಮೇಲೆ ಹೋಗು, ನಡೆದು ಬಾ" ಎಂದರು. ಎಲ್ಲರೂ ಊಟಕ್ಕೆ ಕೂತಾಗ ಅವನು ಮೆಟ್ಟಿಲು ಹತ್ತಿ ಮತ್ತೆ ಇಳಿದ. ಮುಖ ಊದಿಸಿಕೊಂಡಿದ್ದ, ಆದರೆ ಬೆಳಗಿನ ಹೊಟ್ಟೆನೋವು ಈಗಿಲ್ಲ. 'ಹಲ್ಮುರ್ಕಿ' ಎಂದ ಹುಡುಗನಿಗೆ, "ಹಾಗನ್ಬೇಡ, ಮುರಿದಿದ್ದು ನಾನು" ಎಂದು ಅಡ್ಡ ನಿಂತನಂತೆ. ಹಣ್ಣಿನಂಗಡಿಯಾಕೆಯೇ ಹೇಳಿದ್ದು. ಮಗಳು ಈಗ ಬಾಯಿಗೆ ಕೈ ಅಡ್ಡ ಇಡದೆ ನಗುತ್ತಾಳೆ ಎಂದೂ ಹೇಳಿದಳು.

ಓದುತ್ತಿರುವ ಅಪ್ಪಂದಿರೇ, ಅಮ್ಮಂದಿರೇ, ಮೇಷ್ಟ್ರುಗಳೇ, ತಪ್ಪು ಮಾಡಿದ ಮಗುವನ್ನು ಹಾಗೇ ಬಿಡಿ ಎಂದು ನಾವು ಹೇಳುತ್ತಿಲ್ಲ. ಬಿಡಲೇಬೇಡಿ. ಏನಾಯಿತೆಂದು ಕೇಳಿ. ನೊಂದ ಮಗುವಿನ ಕಡೆ ಮೊದಲು ನೋಡಿ. ಕೆಡಿಸಿದ್ದನ್ನು ಕೆಡಿಸಿದವರ ಕೈಯಿಂದಲೇ ಸರಿ ಮಾಡಿಸಿ. ಆದರೆ ಎಂಟು ವರ್ಷದ ಮಗುವಿನ ಮೇಲೆ ಕೈ ಎತ್ತಿ, ಹತ್ತು ಜನರೆದುರು ಮಾನ ಕಳೆದು, ಅದಕ್ಕೆ ಶಿಸ್ತು ಎಂದು ಹೆಸರಿಡಬೇಡಿ. ಇಡುವವರನ್ನು ಕಂಡರೆ ಸುಮ್ಮನೆ ನಿಂತು ನೋಡಬೇಡಿ. ನಿಮ್ಮ ಮಗುವಿನ ಶಾಲೆಯಲ್ಲಿ ನಿಯಮಗಳು ಏನು, ಅವನ್ನು ಮಕ್ಕಳಿಗೆ ಯಾರು ಕಲಿಸಿದರು, ನಿಯಮ ಮುರಿದ ಮಗುವಿಗೆ ಏನು ಮಾಡುತ್ತಾರೆ, ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ, ನಾಳೆ ಬೆಳಿಗ್ಗೆ ಮಗುವನ್ನು ಬಿಡಲು ಹೋದಾಗ ಗೇಟಿನಿಂದಲೇ ಹಿಂದಿರುಗಬೇಡಿ. ಒಳಗೆ ಹೋಗಿ, ಕೇಳಿ.