ಹಿಂದಿನ ಕೋಣೆಯ ಸುದ್ದಿ

“ಭಾವ, ಅದನ್ನ ಇನ್ನೊಂಚೂರು ನೆಟ್ಟಗೆ ನಿಲ್ಲಿಸಿ. ಬಗ್ಗಿಸ್ಬೇಡಿ... ಹಾಂ, ಬಂತು! ಅಮ್ಮನ ಬಾಗಿಲು ಬಂತು ನನ್ ಫೋನಿಗೆ!”

ತೈಪೆಯಲ್ಲಿದ್ದ ಯಿಝೆನ್‌ಳ ದನಿ ಫೋನಿನಿಂದ ಹೊಮ್ಮಿ ಅಂಗಡಿ ತುಂಬ ಕುಣಿಯಿತು. ಏಣಿಯ ಮೇಲಿದ್ದ ಝೊಂಗ್ಯೆನ್ ಆಂಟೆನಾದಿಂದ ಕೈ ತೆಗೆದು, ಬೆವರು ಒರೆಸಿಕೊಂಡು ನಕ್ಕ. ಏಣಿ ಹಿಡಿದು ನಿಂತಿದ್ದ ಅವನ ಹೆಂಡತಿ ಬಿಶಿಯಾ ನಗಲಿಲ್ಲ.

ಲುಗಾಂಗ್‌ನ ಆ ಹಳೆಯ ಮನೆಗೆ ಅಗಲ ಕಡಿಮೆ, ಉದ್ದವೇ ಎಲ್ಲ. ಬೀದಿಗೆ ಝೊಂಗ್ಯೆನ್‌ನ ಟಿವಿ, ಫ್ಯಾನು ರಿಪೇರಿಯ ಅಂಗಡಿ. ಅದರ ಹಿಂದೆ ಊಟದ ಕೋಣೆ. ಆಮೇಲೆ ಬಾವಿಯ ಅಂಗಳ. ಅಂಗಳದಾಚೆ ಬಿಶಿಯಾಳ ಅತ್ತೆಯ ಕೋಣೆ. ಓರಗಿತ್ತಿ ಯಿಝೆನ್ ತೈಪೆಯಿಂದ ಕಳಿಸಿದ್ದ ಬಿಳಿ ಡಬ್ಬಿ ಅಂಗಡಿಯ ಗೋಡೆಯಲ್ಲಿತ್ತು. ಅತ್ತೆಯ ಬಾಗಿಲಿಗೂ ಹಾಸಿಗೆಯ ಪಕ್ಕಕ್ಕೂ ಅವಳೇ ಕಳಿಸಿದ ಸೆನ್ಸರುಗಳನ್ನು ಅಂಟಿಸಿದ್ದರು; ಬಾಗಿಲು ತೆರೆದದ್ದು, ಮುಚ್ಚಿದ್ದು, ಅತ್ತೆ ಎದ್ದದ್ದು ಎಲ್ಲ ಈ ಡಬ್ಬಿಯ ಮೂಲಕ ಯಿಝೆನ್‌ಳ ಫೋನಿಗೆ ಹೋಗಬೇಕಿತ್ತು. ಆದರೆ ಒಂದು ಮೊಳ ದಪ್ಪದ ಎರಡು ಇಟ್ಟಿಗೆ ಗೋಡೆ ದಾಟುವಷ್ಟರಲ್ಲಿ ಡಬ್ಬಿಯ ಶಕ್ತಿ ಉಡುಗುತ್ತಿತ್ತು. ಕೊನೆಗೆ ಝೊಂಗ್ಯೆನ್ ಅದನ್ನು ಬಿಚ್ಚಿ, ಒಳಗೆ ಕೂದಲಿನಂಥ ತಂತಿ ಬೆಸೆದು, ಡಬ್ಬಿಗೆ ತೂತು ಕೊರೆದು, ಗೇಣುದ್ದದ ಕಪ್ಪು ಆಂಟೆನಾವನ್ನು ಹೊರಗೆ ಕೂರಿಸಿದ್ದ.

ಬಿಶಿಯಾ ಒಳಗೆ ಹೋಗಿ ತೆಂಗಿನಕಾಯಿ ರುಚಿಯ ಜೋಳದ ಕುರುಕಿನ ಹಸಿರು ಪ್ಯಾಕೆಟ್ ತಂದಳು. ಹೊಸ ಯಂತ್ರ ಬಂದರೆ ಪಕ್ಕದಲ್ಲಿ ಅದನ್ನಿಡಬೇಕು. ಆ ತಿಂಡಿಯ ಹೆಸರಿಗೇ ‘ಹೇಳಿದ ಮಾತು ಕೇಳು’ ಎಂಬ ಅರ್ಥ, ಇಟ್ಟರೆ ಯಂತ್ರ ಹಟ ಮಾಡುವುದಿಲ್ಲವೆಂದು ಎಲ್ಲರ ನಂಬಿಕೆ. ಆಸ್ಪತ್ರೆಯವರೂ ಇಡುತ್ತಾರೆ, ಬ್ಯಾಂಕಿನವರೂ ಇಡುತ್ತಾರೆ. ಹಸಿರೇ ಆಗಬೇಕು, ತಾರೀಖು ಮೀರಿರಬಾರದು. ಗಂಡ ಇಳಿದ ಮೇಲೆ ಅವಳು ಏಣಿ ಹತ್ತಿ ಪ್ಯಾಕೆಟ್ಟನ್ನು ಆಂಟೆನಾಕ್ಕೆ ಒರಗಿಸಿದಳು.

“ಅಯ್ಯೋ, ಹೋಯ್ತು ಭಾವ! ಏನ್ ಮಾಡಿದ್ರಿ?”

ಝೊಂಗ್ಯೆನ್ ತಲೆಯೆತ್ತಿ ನೋಡಿ ಗೊಳ್ಳೆಂದ. “ಅದನ್ನ ಕೆಳಗಿಡೇ. ಒಳಗಡೆ ಬೆಳ್ಳಿ ಹಾಳೆ ಇರತ್ತೆ, ತಗಡು ಅಡ್ಡ ಹಿಡಿದಂಗೆ ಆಗತ್ತೆ. ಯಂತ್ರಾನ ಸುಮ್ನಿರಿಸು ಅಂದ್ರೆ ಬಾಯೇ ಮುಚ್ಚಿಬಿಟ್ಟೆಯಲ್ಲ!”

ಪ್ಯಾಕೆಟ್ ಕೆಳಗಿನ ಹಲಗೆಗೆ ಇಳಿಯಿತು. ತೈಪೆಗೆ ಬಾಗಿಲು ಮತ್ತೆ ಕಾಣಿಸಿತು.

ಇಪ್ಪತ್ತಾರು ವರ್ಷದಿಂದ ಬೆಳಗ್ಗೆ ಆರಕ್ಕೆ ಅತ್ತೆಗೆ ಗಂಜಿ ಒಯ್ಯುವವಳು ಬಿಶಿಯಾ. ಅಂಗಳ ದಾಟುವಾಗಲೇ ಚಪ್ಪಲಿ ಎಳೆಯುವ ಸದ್ದಿನಿಂದ ಇವತ್ತು ಯಾವ ಮಂಡಿ ನೋಯುತ್ತಿದೆಯೆಂದು ಅವಳಿಗೆ ತಿಳಿಯುತ್ತಿತ್ತು. ಕೇಳುತ್ತಿರಲಿಲ್ಲ, ಗಂಜಿಯ ತಟ್ಟೆಯಲ್ಲಿ ಉಪ್ಪಿನ ಸೌತೆಯ ಪಕ್ಕ ಮುಲಾಮಿನ ಸೀಸೆ ಇಡುತ್ತಿದ್ದಳು, ಅಷ್ಟೆ.

ಆಂಟೆನಾ ಬಂದ ಮರುದಿನ ಅವಳು ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆಯ ಫೋನು ಮಾತಾಡುತ್ತಿತ್ತು.

“ಅಮ್ಮ, ರಾತ್ರಿ ಮೂರು ಸಲ ಎದ್ದಿದ್ರಲ್ಲ? ಮಂಡಿ ನೋವಾ?”

“ಹೂಂ ಮಗಳೇ, ಎಡಗಡೇದು! ನಿಂಗೆ ಹೇಗೆ ತಿಳೀತು?” ಎಂಬತ್ತಮೂರರ ಮುದುಕಿಯ ಮುಖ ಅರಳಿತ್ತು. ಫೋನಿಟ್ಟವರೇ, “ನೋಡಿದ್ಯಾ, ತೈಪೆಯಲ್ಲಿ ಕೂತ್ಕೊಂಡು ಗೊತ್ತಾಗತ್ತೆ ಅವಳಿಗೆ” ಎಂದರು.

“ನಂಗೂ ಗೊತ್ತಿತ್ತಮ್ಮ.”

“ಮತ್ತೆ ಯಾಕೆ ಕೇಳ್ಲಿಲ್ಲ ನೀನು?”

ಬಿಶಿಯಾ ಸೀಸೆಯ ಮುಚ್ಚಳ ತಿರುಗಿಸಿದಳು.

ದಿನವೂ ಅದೇ ಆಯಿತು. ಇವಳ ಗಂಜಿ ಕುದಿಯುವ ಮೊದಲೇ ಅವಳ ಮಾತು ಮನೆ ಮುಟ್ಟಿರುತ್ತಿತ್ತು. ಬಿಶಿಯಾ ಅರ್ಧ ಗಂಟೆ ಮುಂಚೆ ಎದ್ದು ನೋಡಿದಳು, ಅತ್ತೆ ಇನ್ನೂ ಮಲಗಿದ್ದರು, “ಯಾಕಿಷ್ಟು ಬೇಗ ಎಬ್ಬಿಸ್ತೀಯ?” ಎಂದು ಗದರಿದರು. ಪಕ್ಕದ ಮನೆಯ ಧೂಪದ ಅಂಗಡಿಯಾಕೆ ಕಸ ಗುಡಿಸುತ್ತಾ, “ಏನ್ ಬಿಶಿಯಾ, ನಿಂಗೆ ರಜ ಸಿಕ್ತಂತೆ! ಕಿರಿ ಸೊಸೆ ಅಲ್ಲಿಂದಾನೇ ಎಲ್ಲ ನೋಡ್ಕೋತಾಳಂತೆ?” ಎಂದು ಕಿಸಕ್ಕನೆ ನಕ್ಕಳು.

“ಹೌದಕ್ಕ, ಮೂತ್ರದ ಪಾತ್ರೆನೂ ಅಲ್ಲಿಂದಾನೇ ತೊಳೀತಾಳೆ” ಎಂದಳು ಬಿಶಿಯಾ. ಆಡಿದ ಮೇಲೆ ನಾಲಿಗೆ ಇಡೀ ದಿನ ಕಹಿಯಾಗಿತ್ತು.

ಯಿಝೆನ್ ಕೆಟ್ಟವಳೆಂದು ಹೇಳಿಕೊಳ್ಳುವಂತಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬಿಶಿಯಾಳ ಹುಟ್ಟುಹಬ್ಬ ನೆನಪಿಟ್ಟು ರೇಷ್ಮೆಯ ಸ್ಕಾರ್ಫ್ ಕಳಿಸುವವಳು; ಅಕ್ಕ, ಅಕ್ಕ ಎಂದು ಬಾಯಿ ತುಂಬ ಕರೆಯುವವಳು. ಈ ಮನೆಯಲ್ಲಿ ಬಿಶಿಯಾಳದ್ದು ಎಂದು ಬೇರೇನೂ ಇರಲಿಲ್ಲ. ಅಂಗಡಿ ಗಂಡನದು, ಮನೆ ಅತ್ತೆಯದು. ಆ ಹಿಂದಿನ ಕೋಣೆಯ ಸುದ್ದಿಯೊಂದು ಮಾತ್ರ ಅವಳದಾಗಿತ್ತು. ಅದನ್ನೂ ಯಿಝೆನ್ ಬೆರಳ ತುದಿಯಿಂದ ಎತ್ತಿಕೊಂಡುಬಿಟ್ಟಿದ್ದಳು, ಎತ್ತಿಕೊಂಡೆನೆಂಬುದೂ ತಿಳಿಯದೆ.

ಒಂಬತ್ತನೆಯ ದಿನ ಬಿಶಿಯಾ ಬೀದಿಯ ದಿನಸಿ ಅಂಗಡಿಯಿಂದ ಹೊಸ ಹಸಿರು ಪ್ಯಾಕೆಟ್ ಕೊಂಡುತಂದಳು. ಗಂಡ ಯಾರದೋ ಮನೆಯ ಫ್ರಿಜ್ ನೋಡಲು ಹೋಗಿದ್ದ. ಏಣಿ ಹತ್ತಿ ಅದನ್ನು ಆಂಟೆನಾಕ್ಕೆ ಆತುಕೊಳ್ಳುವಂತೆ ಒರಗಿಸಿದಳು. ಒಂದು ಸಾಲದೆಂದು ಕೆಳಗಿನ ಹಲಗೆಯ ಹಳೆಯದನ್ನೂ ಎತ್ತಿ ಇನ್ನೊಂದು ಬದಿಗೆ ಒರಗಿಸಿದಳು.

ತೈಪೆ ಕುರುಡಾಯಿತು. ಬೆಳಗಿನ ಫೋನು ಬರುತ್ತಿತ್ತು, ಆದರೆ “ಹೇಗಿದ್ದೀರಮ್ಮ?” ಎಂಬಷ್ಟಕ್ಕೆ ನಿಲ್ಲುತ್ತಿತ್ತು. ನಾಲ್ಕನೆಯ ದಿನ ಬಿಶಿಯಾ ಗಂಜಿ ಇಟ್ಟು, ಗಂಟಲು ಸರಿಮಾಡಿಕೊಂಡು, “ಮಂಡಿ ನೋವಾ ಅಮ್ಮ?” ಎಂದಳು.

ಅತ್ತೆ ಚಮಚ ಕೆಳಗಿಟ್ಟು ಅವಳನ್ನೇ ನೋಡಿದರು. “ನಿಂಗೇನಾಯ್ತೇ ಇವತ್ತು?”

ಭಾನುವಾರ ಯಿಝೆನ್ ಮೊದಲ ರೈಲಿಗೇ ಬಂದಿಳಿದಳು. ಚೀಲ ಇಳಿಸುವ ಮೊದಲೇ ಭಾವನೊಂದಿಗೆ ಗೋಡೆಯ ಕಡೆ ನಡೆದಳು. “ಬೆಸುಗೆ ಬಿಟ್ಟಿರ್ಬೇಕು ಭಾವ.”

“ನನ್ ಬೆಸುಗೆ ಬಿಡತ್ತಾ? ಮೂವತ್ತು ವರ್ಷದ ಕೈ ಇದು!” ಝೊಂಗ್ಯೆನ್ ಏಣಿ ಹತ್ತಿದ. ಆಮೇಲೆ ಎರಡು ಪ್ಯಾಕೆಟ್ ಕೈಯಲ್ಲಿ ಹಿಡಿದು ಹೆಂಡತಿಯ ಕಡೆ ತಿರುಗಿದ. “ಇದನ್ನ ಇಲ್ಲಿಡ್ಬೇಡ ಅಂತ ಅವತ್ತೇ ಹೇಳಿದ್ನಲ್ಲ ನಿಂಗೆ?”

ಯಿಝೆನ್ ಕೈಚಾಚಿ ಪ್ಯಾಕೆಟ್ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದಳು. ಒಂದು ಹಳೆಯದು, ಒಂದು ಹೊಚ್ಚ ಹೊಸದು. ಅವಳ ಕಣ್ಣು ಒಂದು ಕ್ಷಣ ಬಿಶಿಯಾಳ ಮೇಲೆ ನಿಂತಿತು.

“ನಿಮಗೇನ್ ಗೊತ್ತು ಭಾವ,” ಎಂದಳು ನಗುತ್ತಾ. “ಯಂತ್ರ ಚೆನ್ನಾಗಿರ್ಲಿ ಅಂತ ಅಕ್ಕ ಎರಡೆರಡು ಇಟ್ಟಿದಾಳೆ. ನಮ್ಮ ಆಫೀಸಲ್ಲಿ ಒಂದೇ ಇಡ್ತೀವಿ, ಅದಕ್ಕೇ ದಿನಾ ಕೆಡತ್ತೆ.”

ಆ ನಗು ಬಿಶಿಯಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಇದರಲ್ಲೂ ತಾನೇ ಸಣ್ಣವಳಾದೆ ಅನ್ನಿಸಿತು.

ಊಟವಾಯಿತು. ಝೊಂಗ್ಯೆನ್ ಅಂಗಡಿಯಲ್ಲಿ ಕುರ್ಚಿಗೊರಗಿ ಗೊರಕೆ ಹೊಡೆಯುತ್ತಿದ್ದ. ಊಟದ ಕೋಣೆಯಲ್ಲಿ ಓರಗಿತ್ತಿಯರಿಬ್ಬರೇ ಚಕ್ಕೋತ ಹಣ್ಣು ಸುಲಿಯುತ್ತಾ ಕೂತಿದ್ದರು. ಪ್ಯಾಕೆಟ್ಟಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಬಿಶಿಯಾ ಕಾದಳು.

“ಅಕ್ಕ, ಒಂದ್ ಕೇಳ್ಲಾ?” ಯಿಝೆನ್ ಬಿಳಿ ನಾರು ಬಿಡಿಸುತ್ತಲೇ ಇದ್ದಳು. “ಮಧ್ಯಾಹ್ನ ಎರಡು ಗಂಟೆಗೆ ಅಮ್ಮನ ಬಾಗಿಲು ಮುಚ್ಚತ್ತೆ. ಮೂರಕ್ಕೆ ತೆರೆಯತ್ತೆ. ದಿನಾ. ನೀನೇ ಅಲ್ವಾ ಒಳಗೆ?”

“ಹೂಂ.”

“ಏನ್ ಮಾತಾಡ್ತೀರ ಅಷ್ಟು ಹೊತ್ತು?”

“ಏನೂ ಇಲ್ಲ. ತಲೆ ಬಾಚ್ತೀನಿ.”

“ಒಂದು ಗಂಟೇನಾ?”

“ಎಣ್ಣೆ ಹಚ್ತೀನಿ. ಅವರು ಕೂತಲ್ಲೇ ತೂಕಡಿಸ್ತಾರೆ. ಮಾತಿಲ್ಲ ಏನಿಲ್ಲ.”

ಯಿಝೆನ್ ತೊಳೆಯೊಂದನ್ನು ಬಿಡಿಸಿ, ತಿನ್ನದೆ ತಟ್ಟೆಯಲ್ಲಿಟ್ಟಳು. “ನನ್ ಜೊತೆ ಮೂರು ನಿಮಿಷ ಆದ್ರೆ ‘ಸರಿ, ಸರಿ, ಇಡು’ ಅಂತಾರೆ. ಎರಡು ಗಂಟೆಗೆ ಆಫೀಸಲ್ಲಿ ಫೋನು ಟಿಣ್ ಅನ್ನತ್ತೆ, ಬಾಗಿಲು ಮುಚ್ತು ಅಂತ. ಆಮೇಲೆ ಒಂದು ಗಂಟೆ ನಂಗೆ ಕೆಲಸಾನೇ ಸಾಗಲ್ಲ ಅಕ್ಕ. ನಾಲ್ಕು ದಿನ ಅದು ಟಿಣ್ ಅನ್ನದೇ ಇದ್ದಾಗ ಹಾಯಾಗಿತ್ತು, ನಿಜ ಹೇಳ್ಬೇಕು ಅಂದ್ರೆ.”

ಕನಿಕರ ಬರಬೇಕಾಗಿತ್ತು. ಬಿಶಿಯಾಳಿಗೆ ಮೊದಲು ಬಂದದ್ದು ಖುಷಿ. ಹಣ್ಣಿನ ರಸದಂತೆ ಬಾಯೊಳಗೆಲ್ಲ ಹರಡಿದ ಖುಷಿ. ಅವಳು ತಲೆ ತಗ್ಗಿಸಿ ಸಿಪ್ಪೆಗಳನ್ನು ಒಟ್ಟುಮಾಡಿದಳು, ಅದು ಮುಖದಲ್ಲಿ ಕಾಣಬಾರದೆಂದು.

ಗಡಿಯಾರ ಎರಡು ಹೊಡೆಯಿತು. ಬಿಶಿಯಾ ಎದ್ದು ಬೋಗುಣಿಗೆ ಬಿಸಿನೀರು ಬಗ್ಗಿಸಿಕೊಂಡಳು. ಬಾಚಣಿಗೆ ತೆಗೆದುಕೊಂಡಳು, ಎಣ್ಣೆಯ ಸೀಸೆ ತೆಗೆದುಕೊಂಡಳು. ಬರಲಾ ಎಂದು ಯಿಝೆನ್ ಕೇಳಲಿಲ್ಲ. ಬಾ ಎಂದು ಬಿಶಿಯಾ ಅನ್ನಲಿಲ್ಲ. ಸಮುದ್ರದ ಗಾಳಿ ಅಂಗಳದೊಳಗೆ ಸುತ್ತಿ ಸುತ್ತಿ ಬೀಸುತ್ತಿತ್ತು. ಅವಳು ಒಳಗೆ ಹೋಗಿ ಬೋಗುಣಿಯನ್ನು ಹಾಸಿಗೆಯ ಪಕ್ಕ ಕೂರಲಿದ್ದ ಒಂದೇ ಸ್ಟೂಲಿನ ಮೇಲಿಟ್ಟು, ಬಾಗಿಲು ಮುಚ್ಚಿದಳು.

ಆಚೆ ಊಟದ ಕೋಣೆಯಲ್ಲಿ ಫೋನು ಟಿಣ್ ಎಂದಿತು.

“ಯಾರು?” ಅತ್ತೆ ಕಣ್ಣು ತೆರೆಯದೆ ಕೇಳಿದರು.

ಬಿಶಿಯಾ ಅತ್ತೆಯ ತುರುಬು ಬಿಚ್ಚಿ, ತೆಳ್ಳಗಿನ ಬಿಳಿ ಕೂದಲನ್ನು ಬೆನ್ನ ಮೇಲೆ ಹರಡಿದಳು. ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಬಾಗಿಲವರೆಗೆ ಬಂದು ಅಲ್ಲೇ ನಿಂತಿತು.

ಅವಳು ಎರಡು ಸಲ ಬಾಚಿದಳು. ಮೂರನೆಯ ಸಲಕ್ಕೆ ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಬಾಗಿಲ ಕಡೆ ನೋಡದೆಯೇ, ಸ್ಟೂಲಿನ ಮೇಲಿದ್ದ ಬೋಗುಣಿಯನ್ನು ಮೆಲ್ಲನೆ ಎತ್ತಿ, ನೀರು ತುಳುಕದ ಹಾಗೆ, ನೆಲಕ್ಕಿಟ್ಟಳು. ಸ್ಟೂಲು ಇನ್ನೊಬ್ಬರಿಗೆ ಖಾಲಿಯಾಯಿತು.