ಎಂಟೂವರೆಗೆ ತಿರುಗಿದ ಬಣ್ಣ

ಮೂರನೆಯ ಸಲವೂ ಎಂಟೂವರೆ ಮಿಲಿಲೀಟರಿಗೇ ಬಣ್ಣ ತಿರುಗಿತು. ಬ್ಯುರೆಟ್ಟಿನ ಗೆರೆ ಹಾಕಿದ ಗಾಜಿನ ಕೊಳವೆಯಿಂದ ಒಂದೊಂದೇ ಹನಿ ಕ್ಷಾರವನ್ನು ಆಮ್ಲಕ್ಕೆ ಬಿಡುತ್ತ ಕಣ್ಣು ಕೀಲಿಸಿ ಕೂತಿದ್ದವಳಿಗೆ ಅನುಮಾನ ಉಳಿಯಲಿಲ್ಲ. ತಪ್ಪು ತನ್ನ ಕೈಯದಲ್ಲ. ಬಾಟಲಿಗೆ ತುಂಬಿಟ್ಟ ಆಮ್ಲವೇ ತೆಳುವಾಗಿದೆ.

ಅದು ವಿಜ್ಞಾನ ಪದವಿಯ ಕೊನೆಯ ಪ್ರಾಯೋಗಿಕ ಪರೀಕ್ಷೆ. ಸುತ್ತಲಿನ ಎಲ್ಲ ಮೇಜುಗಳಲ್ಲೂ ಉತ್ತರ ಹತ್ತೇ. ಮೇಷ್ಟ್ರು ಬಾಗಿಲಲ್ಲೇ ಒಬ್ಬೊಬ್ಬರ ಕಿವಿಯಲ್ಲಿ ಅದನ್ನು ಊದಿ ಒಳಗೆ ಕಳಿಸಿದ್ದರು. ಮೂರು ವರ್ಷವೂ ನಡೆದದ್ದು ಹೀಗೆಯೇ: ಮೊದಲು ಉತ್ತರ, ಆಮೇಲೆ ಪ್ರಯೋಗ. ಅವಳೂ ಕಣ್ಣು ಮುಚ್ಚಿ ಬರೆದವಳೇ. ಔಷಧ ಕಾರ್ಖಾನೆಯಲ್ಲಿದ್ದ ಚಿಕ್ಕಪ್ಪ ಅಲ್ಲಿನ ಪ್ರಯೋಗಾಲಯದಲ್ಲಿ ಅವಳಿಗೊಂದು ಕೆಲಸ ಹೇಳಿಟ್ಟಿದ್ದರು. ಈ ವರ್ಷ ಪಾಸಾದರೆ ಸಾಕಿತ್ತು. ಅಲ್ಲಿ ಉತ್ತರ ಊದುವವರು ಯಾರೂ ಇಲ್ಲ, ನೀನು ಸರಿ ಎಂದ ಬಾಟಲಿ ನೇರ ಕಾಯಿಲೆಯವರ ಬಾಯಿಗೆ ಹೋಗುತ್ತದೆ ಎಂದು ಅವರು ಮಾತಿನ ನಡುವೆ ಅಂದಿದ್ದರು. ಅಂದಿನಿಂದ ಆ ಮಾತು ಅವಳನ್ನು ಬಿಟ್ಟಿರಲಿಲ್ಲ. ಇವತ್ತಾದರೂ ನಿಜವಾಗಿ ಅಳೆಯಬೇಕೆಂದೇ ಬಂದಿದ್ದಳು.

"ಹತ್ತು ಬರೆದು ಎದ್ದೇಳು ತಾಯಿ," ಪಕ್ಕದ ಮೇಜಿನ ಕನ್ನಡಕದವನು ಪಿಸುಗುಟ್ಟಿದ. "ಆಮ್ಲ ಏನು ನಿನ್ನ ಮೇಲೆ ಕೇಸು ಹಾಕುತ್ತಾ?"

ಮೇಷ್ಟ್ರು ಬಂದರು. ಆಮ್ಲ ತೆಳುವಾಗಿದೆಯೆಂದು ಅವಳು ಹೇಳಿದಳು. ಹೊರಗಿನ ಪರೀಕ್ಷಕರು ಪಕ್ಕದ ಕೋಣೆಯಲ್ಲೇ ಇದ್ದಾರೆ, ಮಾನ ಕಳೆಯಬೇಡ ಎಂದು ಗದರಿ, ತಾವೇ ಫ್ಲಾಸ್ಕಿಗೆ ಹೊಸದಾಗಿ ಆಮ್ಲ ಹಾಕಿ ಬ್ಯುರೆಟ್ಟಿಗೆ ಕೈ ಹಾಕಿದರು. ಎಂಟೂವರೆಗೆ ಫ್ಲಾಸ್ಕಿನಲ್ಲಿ ತಿಳಿಗುಲಾಬಿ ಮೂಡಿ ನಿಂತಿತು. ಬಣ್ಣ ಬಂದಲ್ಲಿಗೆ ನಿಲ್ಲಿಸಬೇಕು; ಅವರು ನಿಲ್ಲಿಸಲಿಲ್ಲ. ನಲ್ಲಿ ತಿರುಗಿಸಿ ಸುರಿದೇ ಸುರಿದರು. ಕೊಳವೆಯ ಗೆರೆ ಹತ್ತು ಮುಟ್ಟುವಾಗ ಬಣ್ಣ ಬೀಟ್‌ರೂಟಿನ ರಸದಂತಾಗಿತ್ತು.

"ನೋಡು, ಹತ್ತು."

"ಬಣ್ಣ ಆಗ್ಲೇ ಬಂತಲ್ಲ ಸರ್."

"ಮೂರು ವರ್ಷ ಬರದಿದ್ದ ಬುದ್ಧಿ ಇವತ್ತು ಬಂತಾ? ಹತ್ತು ಬರಿ. ಇಲ್ಲಾಂದ್ರೆ ಮುಂದಿನ ವರ್ಷವೂ ಇದೇ ಸ್ಟೂಲಿನ ಮೇಲೆ ಕೂತಿರ್ತೀಯ."

ಅವಳ ಮೈ ಉರಿದದ್ದು ಬೆದರಿಕೆಗಲ್ಲ. ಎಂಟೂವರೆಯಲ್ಲಿ ಅವರ ಬೆರಳು ನಲ್ಲಿಯ ಮೇಲೆ ಒಂದು ಕ್ಷಣ ತಡೆದದ್ದನ್ನು ಅವಳು ನೋಡಿದ್ದಳು. ಅವರಿಗೂ ಬಣ್ಣ ಕಂಡಿತ್ತು. ಕಂಡೂ ಸುರಿದಿದ್ದರು. ಮೂರು ವರ್ಷ, ಇಡೀ ತರಗತಿಯ ತಲೆಯ ಮೇಲೆ ಹೀಗೇ ಸುರಿದಿದ್ದರು.

"ಕೂರ್ತೀನಿ ಸರ್," ಎಂದಳು. ಮಾತು ಇಡೀ ಕೋಣೆಗೆ ಕೇಳಿಸಿತು. "ಮುಂದಿನ ವರ್ಷ ಮಾತ್ರ ನನ್ನ ಕಿವಿ ಹತ್ತಿರ ಬರಬೇಡಿ."

ಎಂಟೂವರೆ ಎಂದು ಬರೆದಳು. ಒತ್ತಿದ ರಭಸಕ್ಕೆ ಪೆನ್ನಿನ ಮೊನೆ ಹಾಳೆಯನ್ನು ಹರಿಯಿತು.